ಲೆಕ್ಕಕ್ಕೆ ಸಿಗದವರು: 1942ರ ಬರ್ಮಾ ನಡಿಗೆ

ನಾನು ಬೆಳೆದದ್ದು ಹಲಸೂರಿನ ಒಂದು ವಠಾರದಲ್ಲಿ. ಎಂಟು ಮನೆ, ಒಂದೇ ನಲ್ಲಿ. ಕೊನೆಯ ಮನೆಯಲ್ಲಿ ಒಬ್ಬ ತಮಿಳು ಮುದುಕಿ ಮಗಳ ಜೊತೆ ಇದ್ದರು. ಮಕ್ಕಳೆಲ್ಲ ಅವರನ್ನು ಪಾಟಿ ಎಂದೇ ಕರೆಯುತ್ತಿದ್ದೆವು. ಬೆಳಿಗ್ಗೆ ಅವರು ಸೀರೆ ಎತ್ತಿ ಕಟ್ಟಿ ನಲ್ಲಿ ಹತ್ತಿರ ಪಾತ್ರೆ ಬೆಳಗಲು ಕೂತಾಗ ಎಡಗಾಲಿನಲ್ಲಿ, ಹಿಮ್ಮಡಿಗಿಂತ ಒಂದು ಗೇಣು ಮೇಲೆ, ಒಂದು ಕಲೆ ಕಾಣುತ್ತಿತ್ತು. ಹಳೇ ಬೆಳ್ಳಿ ರೂಪಾಯಿಯಷ್ಟು ದುಂಡಗೆ. ಅಂಚು ಕಪ್ಪು, ನಡುವಿನ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ ಹೊಳೆಯುತ್ತಿತ್ತು. ನನಗಾಗ ಏಳೋ ಎಂಟೋ ವರ್ಷ. ಅದೇನು ಪಾಟಿ ಎಂದು ಕೇಳಿದೆ. "ಬರ್ಮಾದಿಂದ ಬರುವಾಗ ಆದ ಹುಣ್ಣು ಕಣ್ಣಾ" ಎಂದು ಹೇಳಿ ಸೀರೆ ಇಳಿಬಿಟ್ಟುಕೊಂಡರು. ಮುಂದೆ ಎಷ್ಟೋ ವರ್ಷ ಅಷ್ಟೇ ಮಾತು. ಮಿಕ್ಕಿದ್ದನ್ನೆಲ್ಲ ನನಗೆ ಹೇಳಿದ್ದು ಅವರ ಮಗಳು. ಅವರನ್ನು ನಾವು ಅಕ್ಕ ಎನ್ನುತ್ತಿದ್ದೆವು. ಅಷ್ಟು ಹೊತ್ತಿಗೆ ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಲು ಶುರು ಮಾಡಿದ್ದೆ, ಪಾಟಿ ಹೋಗಿಬಿಟ್ಟಿದ್ದರು.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಆ ಕಲೆಯ ವಿಷಯ. 1942ರಲ್ಲಿ ಜಪಾನಿನ ಸೈನ್ಯ ಬರ್ಮಾಕ್ಕೆ ನುಗ್ಗಿದಾಗ ಅಲ್ಲಿದ್ದ ಭಾರತೀಯರು ಓಡಿ ಬಂದರು. ಹಡಗು, ವಿಮಾನ, ಕಾಲ್ನಡಿಗೆ ಎಲ್ಲ ಸೇರಿದರೆ ಐದಾರು ಲಕ್ಷ ಜನ. ಬಹುಪಾಲು ನಡೆದೇ ಬಂದವರು. ಇವರು ಸೈನಿಕರಲ್ಲ. ಬಂದರಿನ ಕೂಲಿಗಳು, ಗುಮಾಸ್ತರು, ಅಗಸರು, ದಾದಿಯರು, ಬಾಣಂತಿಯರು, ಮಕ್ಕಳು.

ಬರ್ಮಾ ನಮಗೆ ಅಷ್ಟೇನೂ ದೂರದ ದೇಶವಲ್ಲ. ಬಸವನಗುಡಿ, ಮಲ್ಲೇಶ್ವರದಲ್ಲಿ ಹಳೇ ಮನೆ ಕೆಡವುವಾಗ ಮೊದಲು ಬಂದು ನಿಲ್ಲುವವರು ಹಳೇ ಮರದ ವ್ಯಾಪಾರಿಗಳು. ಬಾಗಿಲ ಚೌಕಟ್ಟನ್ನು ಬೆರಳಲ್ಲಿ ತಟ್ಟಿ "ಬರ್ಮಾ ಟೀಕ್ ಸಾರ್" ಎನ್ನುತ್ತಾರೆ, ಆಮೇಲೆ ದರದ ಮಾತು. ಇನ್ನು ರವೆ ಇಡ್ಲಿ. ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು ಎಂದು ಎಂಟಿಆರ್‌ನವರೇ ಹೇಳಿಕೊಳ್ಳುತ್ತಾರೆ. ಆ ಅಕ್ಕಿ ಯಾಕೆ ಸಿಗಲಿಲ್ಲ? ಬರ್ಮಾದಿಂದ ಬರುತ್ತಿದ್ದ ಅಕ್ಕಿ 1942ರಲ್ಲಿ ನಿಂತುಹೋಯಿತು. ಮರುವರ್ಷದ ಬಂಗಾಳದ ಬರಗಾಲಕ್ಕೆ ಇದ್ದ ಕಾರಣಗಳಲ್ಲಿ ಅದೂ ಒಂದು. ಯುದ್ಧದ ಒಂದು ತುದಿ ನಮ್ಮ ಇಡ್ಲಿ ತಟ್ಟೆಯವರೆಗೂ ಬಂದಿತ್ತು.

ಆ ಅಕ್ಕಿ ಮೂಟೆಯನ್ನು, ಆ ತೇಗದ ದಿಮ್ಮಿಯನ್ನು ರಂಗೂನಿನಲ್ಲಿ ಹಡಗಿಗೆ ಏರಿಸುತ್ತಿದ್ದವರು ಯಾರು? ಹೆಚ್ಚಿನಂಶ ನಮ್ಮವರು. 1931ರ ಜನಗಣತಿಯಲ್ಲಿ ಬರ್ಮಾದಲ್ಲಿ ಸುಮಾರು 10 ಲಕ್ಷ ಭಾರತೀಯರಿದ್ದರು. ರಂಗೂನ್ ನಗರದಲ್ಲಂತೂ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರೇ. ಆಂಧ್ರದ ಕರಾವಳಿಯಿಂದ ಹೋದ ತೆಲುಗರು ಅಕ್ಕಿ ಗಿರಣಿಯಲ್ಲಿ, ಬಂದರಿನಲ್ಲಿ ದುಡಿಯುತ್ತಿದ್ದರು, ಊರಿನ ಕಕ್ಕಸು ಬಳಿಯುತ್ತಿದ್ದರು. ಒಡಿಶಾದವರು, ಬಂಗಾಳಿಗಳು, ತಮಿಳರು, ಪಂಜಾಬಿಗಳು ಎಲ್ಲ ಇದ್ದರು. ಚೆಟ್ಟಿಯಾರರು ಸಾಲ ಕೊಡುತ್ತಿದ್ದರು. 1930ರ ಆರ್ಥಿಕ ಕುಸಿತದಲ್ಲಿ ಭತ್ತದ ಬೆಲೆ ಬಿದ್ದು ರೈತರು ಸಾಲ ತೀರಿಸಲಾರದೆ ಹೋದಾಗ ಕೆಳ ಬರ್ಮಾದ ಗದ್ದೆಗಳಲ್ಲಿ ಸುಮಾರು ಕಾಲು ಭಾಗ ಅವರ ಕೈಸೇರಿತು. ಬರ್ಮಾದ ರೈತನ ಹೊಟ್ಟೆಯ ಉರಿಯನ್ನೂ ನಾವು ಅರ್ಥ ಮಾಡಿಕೊಳ್ಳಬೇಕು. 1930ರಲ್ಲಿ, 1938ರಲ್ಲಿ ಭಾರತೀಯರ ವಿರುದ್ಧ ಗಲಭೆಗಳಾದವು. ಪೆಟ್ಟು ತಿಂದವರು ಸಾಲ ಕೊಟ್ಟವರಿಗಿಂತ ಹೆಚ್ಚಾಗಿ ಮೂಟೆ ಹೊರುವವರು. ಹಾಗಾಗಿ ಬ್ರಿಟಿಷರ ಆಡಳಿತ ಅಲುಗಾಡಿತು ಎಂದು ಗೊತ್ತಾದ ದಿನವೇ ಇವರ ಜೀವ ಬಾಯಿಗೆ ಬಂತು.

1941ರ ಡಿಸೆಂಬರ್ 23. ಬೆಳಗಿನ ಹೊತ್ತು ಜಪಾನಿನ ವಿಮಾನಗಳು ರಂಗೂನಿನ ಮೇಲೆ ಬಂದವು. ಬಾಂಬ್ ಎಂದರೇನೆಂದು ಆ ಊರು ಅದುವರೆಗೆ ನೋಡಿರಲಿಲ್ಲ. ಜನ ಬೀದಿಗೆ ಬಂದು ತಲೆಯೆತ್ತಿ ನೋಡುತ್ತ ನಿಂತರು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಎರಡು ದಿನ ಬಿಟ್ಟು ಕ್ರಿಸ್‌ಮಸ್ ದಿನ ಮತ್ತೆ ಬಾಂಬು. ಸಾವಿರಾರು ಕೂಲಿಗಳು ಗಂಟು ಮೂಟೆ ಕಟ್ಟಿ ಪ್ರೋಮ್ ಊರಿನ ರಸ್ತೆ ಹಿಡಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ಸೀದಾ ಕಾಡಿಗೆ ಹಾರುತ್ತಾರೆ. ನಾನು ಹಾರುವುದಿಲ್ಲ. ಯಾಕೆಂದರೆ ಮುಂದೆ ಕಾಡಿನಲ್ಲಿ ಯಾರು ಸಾಯಬೇಕು ಎನ್ನುವುದು ಬಹುಪಾಲು ಇಲ್ಲೇ, ಈ ಎರಡು ತಿಂಗಳಲ್ಲೇ ತೀರ್ಮಾನವಾಯಿತು.

ಕೂಲಿಗಳು ಹೋದರೆ ಬಂದರು ನಿಲ್ಲುತ್ತದೆ. ಜಾಡಮಾಲಿಗಳು ಹೋದರೆ ಊರು ನಾರುತ್ತದೆ. ಯುದ್ಧದ ಸಾಮಾನು ಇಳಿಸುವವರಿಲ್ಲ. ಆದ್ದರಿಂದ ಸರ್ಕಾರ ಪ್ರೋಮ್ ರಸ್ತೆಯಲ್ಲಿ ಹೊರಟವರನ್ನು ತಡೆದು, ಏನೂ ಆಗುವುದಿಲ್ಲ ಬನ್ನಿ ಎಂದು ಧೈರ್ಯ ಹೇಳಿ ವಾಪಸು ಕಳಿಸಿತು. ಹಡಗಿನಲ್ಲಿ ಡೆಕ್ಕಿನ ಟಿಕೆಟ್ ಕೊಳ್ಳುವ ಭಾರತೀಯ ಗಂಡಸರಿಗೆ ಊರು ಬಿಡಲು ತಡೆ ಹಾಕಿತು. ಡೆಕ್ಕಿನ ಟಿಕೆಟ್ ಎಂದರೆ ಬಡವರ ಟಿಕೆಟ್. ಕ್ಯಾಬಿನ್ ಟಿಕೆಟಿಗೆ ದುಡ್ಡಿದ್ದವರು ಹೋದರು. ನಮ್ಮ ವಠಾರದ ಪಾಟಿಯ ಗಂಡ ಬಂದರಿನ ಕೂಲಿ. "ನೀನು ಮಕ್ಕಳನ್ನು ಕರೆದುಕೊಂಡು ಹಡಗು ಹತ್ತು, ನಾನು ಆಮೇಲೆ ಬರುತ್ತೇನೆ" ಎಂದರಂತೆ. ಪಾಟಿ ಒಪ್ಪಲಿಲ್ಲ. ಅಕ್ಕನಿಗಾಗ ಆರು ವರ್ಷ, ತಮ್ಮನಿಗೆ ಎರಡು. ಹೋದರೆ ಎಲ್ಲರೂ ಒಟ್ಟಿಗೆ ಎಂದು ಹಟ ಹಿಡಿದು ಕೂತರು. ಹೀಗೆ ಕೂತ ಮನೆಗಳು ಎಷ್ಟಿದ್ದವೋ.

ಫೆಬ್ರವರಿ 23ರಂದು ಹಿಮ್ಮೆಟ್ಟುತ್ತಿದ್ದ ಬ್ರಿಟಿಷ್ ಸೈನ್ಯವೇ ಸಿಟ್ಟಾಂಗ್ ನದಿಯ ಸೇತುವೆಯನ್ನು ಸ್ಫೋಟಿಸಿತು. ಅಷ್ಟಾದ ಮೇಲೆ ರಂಗೂನ್ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಮಾರ್ಚ್ 8ರಂದು ಜಪಾನೀಯರು ಊರಿನೊಳಗೆ ಬಂದರು. ಸಮುದ್ರದ ಬಾಗಿಲು ಮುಚ್ಚಿತು. ಉಳಿದದ್ದು ನೆಲದ ದಾರಿ. ಬರ್ಮಾದಿಂದ ಭಾರತಕ್ಕೆ ಆಗ ಒಂದು ರೈಲು ಹಳಿಯಿಲ್ಲ, ಈ ತುದಿಯಿಂದ ಆ ತುದಿಗೆ ಒಂದು ಲಾರಿ ಓಡುವ ರಸ್ತೆಯೂ ಇಲ್ಲ. ಹಡಗು ಇರುವಾಗ ರಸ್ತೆ ಯಾಕೆ ಎಂದು ಬ್ರಿಟಿಷರು ಹಾಕಿಸಿರಲಿಲ್ಲ.

ನಡೆದವರಿಗೆ ಮುಖ್ಯವಾಗಿ ಮೂರು ದಾರಿ ಇದ್ದವು. ಮೊದಲನೆಯದು ಪ್ರೋಮ್‌ನಿಂದ ಅರಾಕಾನ್ ಬೆಟ್ಟಸಾಲು ಹತ್ತಿ ಟೌಂಗಪ್‌ಗೆ ಇಳಿದು, ಅಲ್ಲಿಂದ ದೋಣಿಯಲ್ಲಿ ಅಕ್ಯಾಬ್, ಮುಂದೆ ಚಿತ್ತಗಾಂಗ್. ಇದು ಬೇಸಗೆಯ ದಾರಿ. ಇಲ್ಲಿ ಜನ ಸತ್ತದ್ದು ನೀರಿಲ್ಲದೆ ಮತ್ತು ಕಾಲರಾದಿಂದ. ಎರಡನೆಯದು ಚಿಂದ್ವಿನ್ ನದಿಯಲ್ಲಿ ಕಲೇವಾದವರೆಗೆ ಹೋಗಿ, ಕಾಬಾವ್ ಕಣಿವೆ ಹಾದು ತಮು, ಅಲ್ಲಿಂದ ಬೆಟ್ಟ ಹತ್ತಿ ಮಣಿಪುರದ ಪಲ್ಲೇಲ್, ಇಂಫಾಲ, ಕೊನೆಗೆ ದಿಮಾಪುರದ ರೈಲು. ಪಾಟಿಯ ಸಂಸಾರ ಬಂದದ್ದು ಇದರಲ್ಲಿ. ಮೂರನೆಯದು ತೀರಾ ಉತ್ತರದ್ದು, ಎಲ್ಲಕ್ಕಿಂತ ಭಯಂಕರವಾದದ್ದು. ಮಿಟ್ಕೀನಾದಿಂದ ಹುಕಾವ್ಂಗ್ ಕಣಿವೆ ದಾಟಿ, ಪಾಂಗ್ಸಾವ್ ಘಾಟಿ ಹತ್ತಿ, ಅಸ್ಸಾಮಿನ ಲೇಡೋಗೆ ಇಳಿಯುವುದು. ಆಮೇಲೆ ಅಮೆರಿಕನ್ನರು ಇದೇ ಸೀಮೆಯಲ್ಲಿ ಹಾಕಿದ ರಸ್ತೆಯ ಅಳತೆ ಹಿಡಿದರೆ ಸುಮಾರು 430 ಕಿಲೋಮೀಟರ್. ನಮ್ಮ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದ ಹಾಗೆ.

ಪಾಂಗ್ಸಾವ್ ಘಾಟಿಯ ಎತ್ತರ ಎಷ್ಟಿರಬಹುದು ಎಂದು ನಾನು ತರಗತಿಯಲ್ಲಿ ಕೇಳುತ್ತಿದ್ದೆ. ಹುಡುಗರು ಹಿಮಾಲಯದ ಲೆಕ್ಕ ಹೇಳುತ್ತಿದ್ದರು. ಸುಮಾರು 1,130 ಮೀಟರ್. ನಮ್ಮ ನಂದಿಬೆಟ್ಟಕ್ಕಿಂತ ತಗ್ಗು. ಈಗ ನಾವು ಕುಳಿತಿರುವ ಈ ಸಭಾಂಗಣಕ್ಕಿಂತ ಇನ್ನೂರು ಮೀಟರ್ ಚಿಲ್ಲರೆ ಮೇಲೆ, ಅಷ್ಟೆ. ಶನಿವಾರ ರಾತ್ರಿ ಬಸ್ಸು ಹತ್ತಿ ಕುಮಾರಪರ್ವತಕ್ಕೆ ಹೋಗಿ ಬರುವವರು ಈ ಸಭೆಯಲ್ಲೂ ಇರುತ್ತೀರಿ. ಅದು ಇದಕ್ಕಿಂತ ಎಷ್ಟೋ ಎತ್ತರ. ಬರೀ ಎತ್ತರದಿಂದ ಜನ ಸಾಯಲಿಲ್ಲ. ತಾರೀಕು ತಪ್ಪಿದ್ದರಿಂದ ಸತ್ತರು.

ಹೇಗೆಂದು ನೋಡಿ. ಏಪ್ರಿಲ್ 3ಕ್ಕೆ ಮಾಂಡಲೆಯ ಮೇಲೆ ಬಾಂಬು ಬಿದ್ದು ಮರದ ಮನೆಗಳ ಆ ಊರು ಉರಿದುಹೋಯಿತು. ಅಲ್ಲಿ ಕೂಡಿದ್ದ ಜನ ಇನ್ನೂ ಉತ್ತರಕ್ಕೆ ಸರಿದರು. ಮಿಟ್ಕೀನಾದಲ್ಲಿ ವಿಮಾನ ನಿಲ್ದಾಣವಿತ್ತು, ಅಲ್ಲಿಂದ ಹೆಂಗಸರು, ಮಕ್ಕಳು, ಗಾಯಾಳುಗಳನ್ನು ಸಾಗಿಸುತ್ತಿದ್ದರು. ಗವರ್ನರ್ ಡಾರ್ಮನ್ ಸ್ಮಿತ್ ಮೇ 4ರಂದು ಅಲ್ಲಿಂದಲೇ ಹಾರಿದರು. ಮೇ 6ರಂದು ನಿಲ್ದಾಣದ ಮೇಲೆ ಬಾಂಬು ಬಿತ್ತು. ಹತ್ತಲು ಸಾಲು ನಿಂತಿದ್ದವರು ಅಲ್ಲೇ ಸತ್ತರು. ಮರುದಿನದಿಂದ ಉಳಿದವರಿಗೆ ಕಾಲುಗಳೇ ಗತಿ. ಮೇ ಮಧ್ಯದಲ್ಲಿ, ನಮ್ಮಲ್ಲಿ ಕೃತ್ತಿಕೆ ಮಳೆಯ ಲೆಕ್ಕ ಹಾಕುವ ಹೊತ್ತಿಗೆ, ಅಲ್ಲಿ ಮುಂಗಾರು ಹಿಡಿಯಿತು. ಮಾರ್ಚಿಯಲ್ಲಿ ನಡೆದಿದ್ದರೆ ಅದು ಕಷ್ಟದ ಪ್ರಯಾಣ. ಜೂನ್‌ನಲ್ಲಿ ಅದು ಸಾವಿನ ದಾರಿ. ಮಾರ್ಚಿಯಲ್ಲೇ ಹೊರಡಲು ಬಿಡದಿದ್ದವರು ಯಾರು ಎಂದು ಆಗಲೇ ಹೇಳಿದೆ.

ಆಗುಂಬೆ, ತೀರ್ಥಹಳ್ಳಿ ಕಡೆಯವರಿಗೆ ನಾನು ಮಳೆಯನ್ನು ವರ್ಣಿಸಬೇಕಿಲ್ಲ. ಇಂಬಳವನ್ನೂ ವರ್ಣಿಸಬೇಕಿಲ್ಲ. ಆದರೆ ಮಲೆನಾಡಿನವರು ಕಾಡಿಗೆ ಹೋಗುವಾಗ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಹೋಗುತ್ತಾರೆ, ಸಂಜೆ ಮನೆಗೆ ಬಂದು ಬಚ್ಚಲ ಒಲೆಯ ಬಿಸಿನೀರು ಹುಯ್ದುಕೊಳ್ಳುತ್ತಾರೆ. ರಂಗೂನಿನ ಗುಮಾಸ್ತನ ಹೆಂಡತಿಗೆ ಆ ಕಾಡಿನಲ್ಲಿ ಸುಣ್ಣ ಎಲ್ಲಿ, ಬಿಸಿನೀರು ಎಲ್ಲಿ? ಹಗಲೂ ರಾತ್ರಿ ಒದ್ದೆ ಬಟ್ಟೆ. ಮೊಣಕಾಲುದ್ದ ಕೆಸರು. ಹಳ್ಳ ಉಕ್ಕಿದರೆ ದಡದಲ್ಲೇ ಎರಡು ದಿನ, ನಾಲ್ಕು ದಿನ ಕಾಯಬೇಕು, ಗಂಟಿನಲ್ಲಿದ್ದ ಅಕ್ಕಿ ಅಲ್ಲೇ ಮುಗಿಯುತ್ತದೆ. ಮಲೇರಿಯಾ, ಆಮಶಂಕೆ, ಕಾಲರಾ ಮೂರೂ ಜೊತೆಗಿದ್ದವು.

ಇನ್ನು ಹುಣ್ಣು. ಅದಕ್ಕೆ ನಾಗಾ ಹುಣ್ಣು ಎಂದು ಹೆಸರಿಟ್ಟರು. ನಾಗಾ ಜನರಿಗೂ ಅದಕ್ಕೂ ಏನೂ ಸಂಬಂಧವಿಲ್ಲ, ಅವರ ಬೆಟ್ಟಗಳಲ್ಲಿ ಆಯಿತೆಂದು ಹಾಗೆ ಕರೆದರು. ಇಂಬಳ ಕಚ್ಚಿದ ಜಾಗ ಅಥವಾ ಒಂದು ಮುಳ್ಳಿನ ಗೀರು ಸಾಕು. ಹೊಟ್ಟೆಗಿಲ್ಲದ ಮೈ, ಕೆಸರಿನ ರೋಗಾಣು. ಮೊದಲು ಒಂದು ಗುಳ್ಳೆ, ಮರುದಿನ ನಾಲ್ಕಾಣೆಯಷ್ಟು ಗಾಯ, ವಾರದಲ್ಲಿ ಮಾಂಸ ಕೊಳೆತು ಎಲುಬು ಕಾಣುತ್ತದೆ. ಹೆಚ್ಚಾಗಿ ಮೊಣಕಾಲಿನ ಕೆಳಗೆ. ವಾಸಿಯಾದರೆ ದುಂಡನೆಯ ಕಲೆ ಉಳಿಯುತ್ತದೆ, ಕಪ್ಪು ಅಂಚು, ತೆಳು ಚರ್ಮ. ವೈದ್ಯರ ವಿವರಣೆಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತೆ. ನಲ್ಲಿಯ ಹತ್ತಿರ ಇಪ್ಪತ್ತು ವರ್ಷ ನೋಡಿದ ಕಲೆ ಅದೇ ಆಗಿತ್ತು.

ಬದುಕಿ ಬಂದವರು ಬರೆದಿಟ್ಟದ್ದರಲ್ಲಿ ಒಂದು ಸಂಗತಿ ನನ್ನನ್ನು ಬಿಡುವುದೇ ಇಲ್ಲ. ಹುಕಾವ್ಂಗ್ ದಾರಿಯಲ್ಲಿ ಹೆಣಗಳ ಮೇಲೆ ಚಿಟ್ಟೆಗಳು ಮುತ್ತುತ್ತಿದ್ದವಂತೆ. ಬಣ್ಣ ಬಣ್ಣದ ಚಿಟ್ಟೆಗಳ ರಾಶಿ. ಹತ್ತಿರ ಹೋದಾಗ ಅವು ಎದ್ದು ಹಾರಿದರೆ ಅಡಿಯಲ್ಲಿ ಮನುಷ್ಯ. ಚಿಟ್ಟೆಗಳಿಗೆ ಉಪ್ಪಿನಂಶ ಬೇಕು, ಒದ್ದೆ ಮಣ್ಣು, ಬೆವರು, ಕೊಳೆತ ಮೈ ಎಲ್ಲಿ ಸಿಕ್ಕಿದರೂ ಹೀರುತ್ತವೆ.

ಅಕ್ಕನ ನೆನಪುಗಳು ಬೇರೆ. ಆರು ವರ್ಷದ ಮಗುವಿನ ನೆನಪುಗಳು ಅವು. ದಾರಿಯುದ್ದಕ್ಕೂ ಜನ ಸಾಮಾನು ಬಿಸಾಡಿದ್ದರಂತೆ. ಮೊದಲು ಟ್ರಂಕು, ಆಮೇಲೆ ಹಾಸಿಗೆ, ಆಮೇಲೆ ಪಾತ್ರೆ. ಒಂದು ಕಡೆ ಕೆಸರಿನಲ್ಲಿ ಹೊಲಿಗೆ ಮೆಷಿನ್ ನಿಂತಿತ್ತಂತೆ. ಯಾರೋ ದರ್ಜಿ ಅಲ್ಲಿಯವರೆಗೆ ಹೊತ್ತು ತಂದಿದ್ದ. ಅಕ್ಕ ಓಡಿಹೋಗಿ ಅದರ ಚಕ್ರ ತಿರುಗಿಸಿದಳು. "ತಿರುಗಿತು ಕಣೋ" ಎಂದು ಅಕ್ಕ ಹೇಳುವಾಗ ಅವರಿಗೆ ಐವತ್ತು ದಾಟಿತ್ತು, ಆದರೂ ಬಲಗೈ ಗಾಳಿಯಲ್ಲಿ ಚಕ್ರ ಸುತ್ತುತ್ತಿತ್ತು. ತಮ್ಮನನ್ನು ಅಪ್ಪ ಟವೆಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡಿದ್ದರು. ಭೇದಿ ಶುರುವಾಗಿ ಮೂರು ದಿನ ಆಗಿತ್ತು. ಒಂದು ಬೆಳಿಗ್ಗೆ ಟವೆಲು ಬಿಚ್ಚಲಿಲ್ಲ. ಹಾಗೇ ಮಧ್ಯಾಹ್ನದವರೆಗೆ ನಡೆದರು. ಪಾಟಿಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು, ಒಬ್ಬರಿಗೊಬ್ಬರು ಹೇಳಲಿಲ್ಲ. ಮಧ್ಯಾಹ್ನ ಒಂದು ಮರದ ಬುಡದಲ್ಲಿ ಟವೆಲಿನ ಸಮೇತ ಮಲಗಿಸಿ, ಕೈಯಲ್ಲೇ ಮಣ್ಣು ಎಳೆದು, ಮುಂದೆ ಹೊರಟರು.

ಹಿಂದಿ ಸಿನಿಮಾದ ನರ್ತಕಿ ಹೆಲೆನ್ ನಿಮಗೆಲ್ಲ ಗೊತ್ತು. ಅವರು ಹುಟ್ಟಿದ್ದು ಬರ್ಮಾದಲ್ಲಿ. ಪುಟ್ಟ ಹುಡುಗಿಯಾಗಿದ್ದಾಗ ತಾಯಿಯ ಜೊತೆ ಕಾಡು ಹಾದು ಅಸ್ಸಾಮಿನ ದಿಬ್ರುಗಢಕ್ಕೆ ನಡೆದು ಬಂದವರು. ದಾರಿಯಲ್ಲಿ ತಾಯಿಗೆ ಗರ್ಭಪಾತವಾಯಿತು, ಮುಟ್ಟುವಷ್ಟರಲ್ಲಿ ಅವರ ಗುಂಪು ಅರ್ಧಕ್ಕೆ ಇಳಿದಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಅವರು ಹೆಸರಾದರು, ಆದ್ದರಿಂದ ಆ ಕಥೆ ಉಳಿಯಿತು.

ಈಗ ಒಂದು ನಾಚಿಕೆಗೇಡಿನ ಸಂಗತಿ ಹೇಳಲೇಬೇಕು. ತಮು ದಾಟಿ ಮಣಿಪುರದ ಕಡೆ ಬರುವಲ್ಲಿ ಜನರನ್ನು ಎರಡು ದಾರಿಗೆ ಬೇರ್ಪಡಿಸಿದರು. ಒಂದಕ್ಕೆ ಬಿಳಿಯರ ದಾರಿ, ಇನ್ನೊಂದಕ್ಕೆ ಕರಿಯರ ದಾರಿ ಎಂದೇ ಹೆಸರು ಬಿತ್ತು. ಯುರೋಪಿಯನ್ನರು, ಅವರ ಜೊತೆಯವರು ಒಂದರಲ್ಲಿ. ಅಲ್ಲಿ ವಾಹನ, ಊಟ, ತಂಗಲು ಜಾಗ. ಇನ್ನೊಂದರಲ್ಲಿ ಭಾರತೀಯರು, ಕಾಲ್ನಡಿಗೆ. ಬಣ್ಣ ನೋಡಿ ಮಾಡಿದ್ದಲ್ಲ ಎಂದು ಸರ್ಕಾರ ಹೇಳಿತು. ಗಾಂಧೀಜಿ 1942ರ ಮೇ ತಿಂಗಳಲ್ಲಿ ಹರಿಜನ ಪತ್ರಿಕೆಯಲ್ಲಿ ಇದನ್ನು ಹೆಸರು ಹಿಡಿದು ಖಂಡಿಸಿದರು. ಅನ್ನ ನೀರಿಲ್ಲದೆ ಸಾಯುತ್ತಿರುವ ಜನರ ಮಧ್ಯೆಯೂ ಬಿಳಿಯರಿಗೊಂದು, ಕರಿಯರಿಗೊಂದು ದಾರಿಯೇ ಎಂದು ಕೇಳಿದರು. ಮೂರು ತಿಂಗಳಿಗೆ ಕ್ವಿಟ್ ಇಂಡಿಯಾ ಶುರುವಾಯಿತು. ನಮ್ಮ ಪಠ್ಯಪುಸ್ತಕದಲ್ಲಿ ಕ್ರಿಪ್ಸ್ ಆಯೋಗದ ವೈಫಲ್ಯವನ್ನು ಕಾರಣವಾಗಿ ಕೊಡುತ್ತೇವೆ, ಸರಿಯೇ. ಆದರೆ ಆ ಏಪ್ರಿಲ್, ಮೇ ತಿಂಗಳಲ್ಲಿ ಅಸ್ಸಾಂ, ಬಂಗಾಳ, ಮದ್ರಾಸಿನ ರೈಲು ನಿಲ್ದಾಣಗಳಲ್ಲಿ ಇಳಿದ ಈ ಜನರನ್ನು ಕಣ್ಣಾರೆ ಕಂಡವರಿಗೆ ಬ್ರಿಟಿಷರು ನಮ್ಮನ್ನು ಕಾಯುತ್ತಾರೆ ಎಂಬ ನಂಬಿಕೆ ಉಳಿದಿರಲು ಸಾಧ್ಯವಿರಲಿಲ್ಲ. ವಿದ್ಯಾರ್ಥಿಗಳಿಗೆ ನಾನು ಇದನ್ನು ಒತ್ತಿ ಹೇಳುತ್ತಿದ್ದೆ.

ಸಹಾಯ ಮಾಡಿದವರೂ ಇದ್ದರು, ಅವರನ್ನು ಬಿಟ್ಟರೆ ಪಾಪ ಬರುತ್ತದೆ. ಅಸ್ಸಾಮಿನ ಚಹಾ ತೋಟದವರ ಸಂಘ ದಾರಿಯುದ್ದಕ್ಕೂ ಶಿಬಿರ ತೆರೆಯಿತು. ಅನ್ನ ಬೇಯಿಸಿದರು, ಬಿಸಿ ಚಹಾ ಕೊಟ್ಟರು, ನಡೆಯಲಾರದವರನ್ನು ಹೊತ್ತರು. ಗೈಲ್ಸ್ ಮ್ಯಾಕ್‌ರೆಲ್ ಎಂಬ ಚಹಾ ಕಂಪನಿಯವರು ಜೂನ್‌ನಲ್ಲಿ ಆನೆಗಳನ್ನು ಕರೆದುಕೊಂಡು ಹೋಗಿ, ಬರ್ಮಾ ಗಡಿಯ ಇನ್ನೊಂದು ದಾರಿಯಾದ ಚೌಕನ್ ಘಾಟಿಯ ಈಚೆ ಉಕ್ಕುತ್ತಿದ್ದ ದಾಫಾ ಹೊಳೆಯಲ್ಲಿ ಸಿಕ್ಕಿಕೊಂಡವರನ್ನು ದಾಟಿಸಿದರು. ಅವರಿಗೆ ಜಾರ್ಜ್ ಪದಕ ಬಂತು. ಬರಬೇಕಾದದ್ದೇ. ಆದರೆ ಮೈಸೂರಿನ ಜನರಾದ ನಮಗೆ ಆನೆಯ ವಿಷಯ ಗೊತ್ತು. ಅಂಥ ಹೊಳೆಗೆ ಆನೆಯನ್ನು ಇಳಿಸುವುದು ಮಾವುತನ ಕೆಲಸ. ಆನೆ ನಂಬುವುದು ಅವನ ಕಾಲ್ಬೆರಳನ್ನು. ಆ ಮಾವುತರು, ಶಿಬಿರದಲ್ಲಿ ಅನ್ನ ಬೇಯಿಸಿದ ಚಹಾ ತೋಟದ ಆದಿವಾಸಿ ಕೂಲಿಗಳು, ಹೆಗಲು ಕೊಟ್ಟ ನಾಗಾ, ಕಚಿನ್ ಜನ, ಅವರಲ್ಲೂ ಎಷ್ಟೋ ಮಂದಿ ಅದೇ ಕಾಲರಾ, ಅದೇ ಮಲೇರಿಯಾದಿಂದ ಸತ್ತರು. ಮಳೆಯಿಂದಾಗಿ ಹುಕಾವ್ಂಗ್ ಕಣಿವೆಯ ಶಿಂಗ್‌ಬ್ವಿಯಾಂಗ್ ಎಂಬಲ್ಲಿ ಸಿಕ್ಕಿಬಿದ್ದವರಿಗೆ ಮಳೆ ನಿಲ್ಲುವವರೆಗೆ ಅಲ್ಲೇ ಇರಿ ಎಂದು ಆದೇಶವಾಯಿತು. ವಿಮಾನದಿಂದ ಅಕ್ಕಿ ಮೂಟೆ ಎಸೆದರು. ಮೋಡ ಮುಚ್ಚಿದ ದಿನ ವಿಮಾನ ಬರುತ್ತಿರಲಿಲ್ಲ. ಆ ಕಾಡಿನಲ್ಲಿ ಜುಲೈ ತಿಂಗಳಲ್ಲಿ ಮೋಡ ಮುಚ್ಚದ ದಿನ ಎಷ್ಟಿದ್ದೀತು?

ಸತ್ತವರು ಎಷ್ಟು ಎಂಬುದು ನೀವು ಕೇಳಬೇಕೆಂದಿರುವ ಪ್ರಶ್ನೆ. ಈ ವಿಷಯದ ಮೇಲೆ ಆಳವಾಗಿ ಕೆಲಸ ಮಾಡಿದ ಇತಿಹಾಸಕಾರ ಹ್ಯೂ ಟಿಂಕರ್ ಕೊಡುವ ಅಂದಾಜು 10 ಸಾವಿರದಿಂದ 50 ಸಾವಿರ. ಈ ಎರಡು ಅಂಕಿಗಳನ್ನು ನಾನು ಕಪ್ಪು ಹಲಗೆಯ ಮೇಲೆ ಬರೆದು ನಡುವೆ ಒಂದು ಗೆರೆ ಎಳೆಯುತ್ತಿದ್ದೆ. ಆ ಗೆರೆಯೊಳಗೆ 40 ಸಾವಿರ ಜನ ಇದ್ದಾರೆ. ಇದ್ದರೋ ಇಲ್ಲವೋ ಎಂದು ಹೇಳಲಾಗದ 40 ಸಾವಿರ ಜನ. ಒಂದು ಸರ್ಕಾರ ತನ್ನ ಪ್ರಜೆಗಳನ್ನು ತಲೆಗಂದಾಯಕ್ಕೆ, ಕೂಲಿಗೆ, ಹಡಗಿನ ಟಿಕೆಟಿಗೆ ಒಬ್ಬೊಬ್ಬರನ್ನಾಗಿ ಎಣಿಸಿತ್ತು. ಸಾಯುವಾಗ ಎಣಿಸಲಿಲ್ಲ.

ಬೇಗೂರಿನ ಶಾಸನವನ್ನು ನೀವು ನೋಡಿರಬಹುದು, ಸುಮಾರು 890ರದು. ಬೆಂಗಳೂರು ಎಂಬ ಹೆಸರು ಅದರಲ್ಲಿ ಬರುತ್ತದೆ ಎಂದು ನಾವು ಹೆಮ್ಮೆಯಿಂದ ತೋರಿಸುತ್ತೇವೆ. ಆದರೆ ಆ ಕಲ್ಲು ಊರಿಗಾಗಿ ಹಾಕಿದ್ದಲ್ಲ. ಬೆಂಗಳೂರ ಕಾಳಗದಲ್ಲಿ ಆ ಸೀಮೆಯ ನಾಯಕ ನಾಗತ್ತರನ ಮನೆಮಗನೊಬ್ಬ ಸತ್ತ, ಅವನ ಹೆಸರು ಉಳಿಯಲಿ ಎಂದು ಹಾಕಿದ್ದು. ರಾಜನೂ ಅಲ್ಲ, ಸೇನಾಪತಿಯೂ ಅಲ್ಲ, ಮನೆಯ ಒಬ್ಬ ಆಳು. ಸಾವಿರ ವರ್ಷದ ಹಿಂದೆ ನಮ್ಮವರಿಗೆ ಅಷ್ಟು ಗೊತ್ತಿತ್ತು. ಕೊಹಿಮಾದಲ್ಲಿ, ಇಂಫಾಲದಲ್ಲಿ 1944ರ ಯುದ್ಧದಲ್ಲಿ ಸತ್ತ ಸೈನಿಕರಿಗೆ ಹೆಸರು ಕೆತ್ತಿದ ಕಲ್ಲುಗಳಿವೆ. ನೋಡಿ ಬನ್ನಿ, ಕಣ್ಣು ತುಂಬುತ್ತದೆ. ಅದೇ ಬೆಟ್ಟಗಳಲ್ಲಿ ಎರಡು ವರ್ಷ ಮೊದಲು ಹಾದವರಿಗೆ ಆ ಭಾಗ್ಯವಿಲ್ಲ.

ಪಾಟಿಯ ಮನೆಗೆ ಮರಳುತ್ತೇನೆ. ಅವರ ಗಂಡ ದಿಮಾಪುರದವರೆಗೂ ಬಂದರು. ಅಲ್ಲಿ ಜ್ವರದಿಂದ ಆಸ್ಪತ್ರೆ ಸೇರಿ ತೀರಿಕೊಂಡರು. ಆಸ್ಪತ್ರೆಯವರು ತಾರೀಕು ಬರೆದ ಒಂದು ಚೀಟಿ ಕೊಟ್ಟರು. ಪಾಟಿ ಮಗಳನ್ನು ಕರೆದುಕೊಂಡು ಕಲ್ಕತ್ತ, ಮದ್ರಾಸು ಹಾದು, ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು, ಹಲಸೂರಿನಲ್ಲಿದ್ದ ಅಣ್ಣನ ಮನೆ ಸೇರಿದರು. ಚೀಟಿ ಇದ್ದುದರಿಂದ ಗಂಡನಿಗೆ ತಿಥಿ ಇತ್ತು, ವರ್ಷವರ್ಷ ಮಾಡುತ್ತಿದ್ದರು. ಮಗನಿಗೆ ಇರಲಿಲ್ಲ. ಕಾಡಿನಲ್ಲಿ ಯಾರಿಗೆ ತಾರೀಕು ಗೊತ್ತಿತ್ತು? ಸತ್ತ ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಎಂದು ನಮ್ಮಲ್ಲಿ ಲೆಕ್ಕ. ಎರಡು ವರ್ಷದ ಕೂಸಿಗೆ ಶಾಸ್ತ್ರದಲ್ಲಿ ಎಡೆ ಇಲ್ಲ ಎಂದು ಯಾರೋ ದೊಡ್ಡವರು ಹೇಳಿದ್ದರಂತೆ. ಪಾಟಿ ಕೇಳಲಿಲ್ಲ. ಪ್ರತಿ ಮಹಾಲಯಕ್ಕೆ ಹಿರಿಯರ ಎಲೆಗಳ ಪಕ್ಕ ಬಾಳೆಯ ಸುಳಿಯ ಒಂದು ಸಣ್ಣ ತುಂಡು ಹಾಕುತ್ತಿದ್ದರು. ನಾನೇ ನೋಡಿದ್ದೇನೆ. ಅದಕ್ಕೆ ವಡೆ, ಪಾಯಸ ಯಾವುದೂ ಇಲ್ಲ. ಒಗ್ಗರಣೆ ಹಾಕದ, ಖಾರವಿಲ್ಲದ ಮೊಸರನ್ನ, ಬೆರಳಲ್ಲಿ ಚೆನ್ನಾಗಿ ಕಿವುಚಿ ಮೆತ್ತಗೆ ಮಾಡಿದ್ದು.